ಅಘನಾಶಿನಿಯ ಜೊತೆ ಇಳಿದು: ತೇಲುವವರು, ಈಜುವವರು, ತಳ ಹಿಡಿದವರು

ಗುರುವಾರ, ಶಿರಸಿ

ಅಘನಾಶಿನಿಯನ್ನು ಮಲೆನಾಡಿನ ಹಳ್ಳದಿಂದ ಸಮುದ್ರದವರೆಗೆ ಒಂದೇ ಪ್ರಯಾಣದಲ್ಲಿ ನೋಡಬೇಕು ಅಂತ ಹೊರಟೆವು. ಶಿರಸಿ ಹತ್ತಿರ ಹುಟ್ಟುವ ಈ ನದಿ ಸುಮಾರು 120 ಕಿಲೋಮೀಟರ್ ಹರಿದು ಕುಮಟಾ ತಾಲೂಕಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟಿಲ್ಲ. ಪಕ್ಕದ ಶರಾವತಿ, ಕಾಳಿ ನದಿಗಳ ಕಥೆ ಗೊತ್ತಿದ್ದವರಿಗೆ ಇದು ಎಷ್ಟು ಅಪರೂಪ ಅಂತ ಬೇರೆ ಹೇಳಬೇಕಿಲ್ಲ. ನೀರಿನಲ್ಲಿ ಬದುಕುವವರನ್ನು ನೋಡಬೇಕು ಅಂದರೆ ಹೀಗೆ ತಡೆಯಿಲ್ಲದೆ ಹರಿಯುವ ನದಿಯೇ ಬೇಕು.

ಜೊತೆಯಲ್ಲಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಗೆಳತಿ, ಮತ್ತು ಎಂಟನೇ ಕ್ಲಾಸಿನ ಅವಳ ಮಗಳು. ಹುಡುಗಿ ನೋಟ್‌ಬುಕ್ಕಿನಲ್ಲಿ ಮೊದಲೇ ಗೆರೆ ಹಾಕಿಕೊಂಡು ಬಂದಿದ್ದಳು. ಪ್ಲಾಂಕ್ಟನ್ ಅಂದರೆ ನೀರು ಒಯ್ದ ಕಡೆ ತೇಲಿ ಹೋಗುವವು. ನೆಕ್ಟನ್ ಅಂದರೆ ಹರಿವಿಗೆ ಎದುರಾಗಿಯೂ ಈಜಬಲ್ಲವು. ಬೆಂಥಾಸ್ ಅಂದರೆ ತಳದಲ್ಲಿ, ತಳದ ಮೇಲೆ, ಅಥವಾ ತಳದ ಒಳಗೆ ಬದುಕುವವು. ನೋಡಿದ ಪ್ರತಿಯೊಂದು ಜೀವಿಯನ್ನೂ ಯಾವುದಾದರೂ ಒಂದು ಸಾಲಿಗೆ ಹಾಕುತ್ತೇನೆ ಅಂದಳು.

ಕಾಡಿನ ಒಳಗಿನ ಒಂದು ತೊರೆಗೆ ಇಳಿದೆವು. ನೀರು ಮೊಣಕಾಲಿನಷ್ಟು, ತಣ್ಣಗೆ, ಜೋರಾಗಿ ಹರಿಯುತ್ತಿತ್ತು. ಗೆಳತಿ ಒಂದು ಕಲ್ಲನ್ನು ಮೆಲ್ಲಗೆ ಎತ್ತಿ ಮಗುಚಿದಳು. ಅಡಿಯಲ್ಲಿ ಮೇಫ್ಲೈ ಹುಳುವಿನ ಮರಿಗಳು ಇದ್ದವು. ಮೈ ಚಪ್ಪಟೆ, ಕಾಲುಗಳು ಅಗಲಕ್ಕೆ ಚಾಚಿದ್ದವು. ಅಷ್ಟು ಚಪ್ಪಟೆಯಾಗಿದ್ದರೆ ಮಾತ್ರ ಕಲ್ಲಿನ ಮೇಲ್ಮೈಗೆ ತಾಗಿದ ತೆಳು, ನಿಧಾನ ನೀರಿನೊಳಗೆ ಉಳಿಯಬಹುದು. ಸ್ವಲ್ಪ ಎತ್ತರವಾದರೂ ಹರಿವು ಎಳೆದುಕೊಂಡು ಹೋಗುತ್ತದೆ. ಪಕ್ಕದಲ್ಲೇ ಕ್ಯಾಡಿಸ್ ಹುಳುವಿನ ಮರಿ. ಮರಳಿನ ಕಣಗಳನ್ನು ತನ್ನ ಬಾಯಿಯಿಂದ ಬರುವ ರೇಷ್ಮೆಯಲ್ಲಿ ಅಂಟಿಸಿ ಕೊಳವೆ ಮಾಡಿಕೊಂಡು ಅದರೊಳಗೆ ಕೂತಿತ್ತು. ಇವೆಲ್ಲ ಬೆಂಥಾಸ್.

ಕಲ್ಲಿನ ಮೇಲ್ಭಾಗದಲ್ಲಿ ಕೈ ಜಾರಿಸುವ ಲೋಳೆ ಇತ್ತು. ನಾವು ಪಾಚಿ ಅಂತ ಬೈದು ದಾಟುತ್ತೇವೆ, ಅಲ್ವಾ? ಅದರಲ್ಲಿ ಡಯಾಟಮ್ ಅನ್ನುವ ಒಂದೇ ಕೋಶದ ಪಾಚಿಗಳು, ಹಸಿರು ಪಾಚಿ, ಬ್ಯಾಕ್ಟೀರಿಯಾ ಎಲ್ಲ ಸೇರಿಕೊಂಡಿರುತ್ತವೆ. ಕಲ್ಲು, ಬೇರು, ಮುಳುಗಿದ ಕೊಂಬೆಗಳಿಗೆ ಅಂಟಿ ಬೆಳೆಯುವ ಈ ಗುಂಪಿಗೆ ಪೆರಿಫೈಟಾನ್ ಅನ್ನುತ್ತಾರೆ. ತೊರೆಯ ಹುಳುಗಳಲ್ಲಿ ಎಷ್ಟೋ ಜಾತಿ ಮೇಯುವುದು ಇದನ್ನೇ. ಹುಡುಗಿಯ ಪುಟದಲ್ಲಿ ನಾಲ್ಕನೇ ಸಾಲು ಬಂತು. ಐದನೆಯದಕ್ಕೂ ಜಾಸ್ತಿ ಹೊತ್ತು ಹಿಡಿಯಲಿಲ್ಲ. ನಿಂತ ನೀರಿನ ಮೇಲೆ ಉದ್ದ ಕಾಲಿನ ಕೀಟಗಳು ಜಾರುತ್ತಿದ್ದವು. ನೀರಿನ ಮೇಲ್ಮೈಯ ಬಿಗಿತವೇ ಅವುಗಳಿಗೆ ನೆಲ. ಅವುಗಳ ನಡುವೆ ಗರಗರ ಸುತ್ತುವ ಕಪ್ಪು ದುಂಬಿಗಳು. ಈ ದುಂಬಿಯ ಒಂದೊಂದು ಕಣ್ಣೂ ಎರಡು ಭಾಗ: ಮೇಲಿನದು ಗಾಳಿಯನ್ನು ನೋಡಲು, ಕೆಳಗಿನದು ನೀರನ್ನು ನೋಡಲು. ಹೀಗೆ ನೀರಿನ ಮೇಲ್ಪದರವನ್ನೇ ನೆಚ್ಚಿ ಬದುಕುವವು ನ್ಯೂಸ್ಟಾನ್.

ತೇಲುಜೀವಿ ಸಿಗಬಹುದು ಅಂತ ಬಲೆ ಹಿಡಿದೆವು. ಎಲೆಯ ಚೂರು, ಕಸ ಬಂತು. ಜೋರು ಹರಿವಿನಲ್ಲಿ ಹಾಗೇ ಆಗುತ್ತದೆ. ತೇಲುವ ಪಾಚಿಗೆ ಒಂದು ಎರಡಾಗಲು ಸಮಯ ಬೇಕು. ಅಷ್ಟರೊಳಗೆ ನೀರು ಅದನ್ನು ಕೆಳಗೆ ಒಯ್ದಿರುತ್ತದೆ. ಹಾಗಾಗಿ ಮಲೆನಾಡಿನ ತೊರೆಯಲ್ಲಿ ತೇಲಿ ಬದುಕುವುದಕ್ಕಿಂತ ಅಂಟಿಕೊಂಡು ಬದುಕುವುದೇ ಗಟ್ಟಿ. ಎತ್ತಿದ ಕಲ್ಲನ್ನು ಇದ್ದ ಹಾಗೇ ಇಟ್ಟು ಮೇಲೆ ಬಂದೆವು.

ಶುಕ್ರವಾರ, ಘಟ್ಟ ಇಳಿದು ಕುಮಟಾಕ್ಕೆ

ಬೆಳಿಗ್ಗೆ ಉಂಚಳ್ಳಿ ಜಲಪಾತ. 116 ಮೀಟರ್ ಎತ್ತರದಿಂದ ಅಘನಾಶಿನಿ ಬೀಳುತ್ತದೆ. ನೋಡಲು ತುಂಬ ಚೆಂದ. ಆದರೆ ಅವತ್ತು ನಾವು ನೋಡುತ್ತಿದ್ದದ್ದು ಅದರ ಇನ್ನೊಂದು ಕೆಲಸ. ಕೆಳಗಿನ ಈಜುಗಾರ ಮೀನುಗಳಿಗೆ ಇಲ್ಲಿಂದ ಮುಂದೆ ದಾರಿ ಇಲ್ಲ. ನೆಕ್ಟನ್ ಅಂದರೂ ಎಲ್ಲ ನೀರಿಗೂ ಎದುರು ನಿಲ್ಲಲು ಆಗುವುದಿಲ್ಲ.

ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಊಟದ ಸಮಯ. ಸಂಜೆ ಇಳಿತ ಶುರುವಾದ ಮೇಲೆ ದೋಣಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಡೆ ಹೋದೆವು. ನೀರು ಕೆಳಗಿಳಿದ ಹಾಗೆ ಬೇರುಗಳು ಕಾಣಿಸತೊಡಗಿದವು. ಪ್ರತಿ ಬೇರಿನ ಮೇಲೂ ಒಂದು ಗೆರೆಯವರೆಗೆ ಬಾರ್ನಕಲ್ ಅನ್ನುವ, ಅಂಟಿಕೊಂಡೇ ಬದುಕುವ ಸಣ್ಣ ಚಿಪ್ಪುಜೀವಿಗಳು, ಅದರ ಕೆಳಗೆ ಕಲ್ವಾ (ಆಯ್ಸ್ಟರ್) ಚಿಪ್ಪು. ದಿನಕ್ಕೆ ಎಷ್ಟು ಹೊತ್ತು ನೀರಿಲ್ಲದೆ ತಡೆದುಕೊಳ್ಳಬಲ್ಲವು ಅನ್ನುವುದರ ಮೇಲೆ ಅವುಗಳ ಎತ್ತರ ನಿಂತಿದೆ. ಚಲನೆ ಒಂದು ಲೆಕ್ಕ, ಜಾಗ ಇನ್ನೊಂದು ಲೆಕ್ಕ. ತಳ ಹಿಡಿದವರಲ್ಲೇ ಉಬ್ಬರ ಇಳಿತದ ಪಟ್ಟಿಯಲ್ಲಿ ಇರುವವರು ಬೇರೆ, ಯಾವಾಗಲೂ ಮುಳುಗಿರುವವರು ಬೇರೆ.

ಕೆಸರಿನ ಮೇಲೆ ಒಂದೇ ದೊಡ್ಡ ಕೊಂಡಿ ಬೀಸುವ ಗಂಡು ಏಡಿಗಳು. ಅವುಗಳ ನಡುವೆ ಮಡ್‌ಸ್ಕಿಪ್ಪರ್ ಮೀನು. ಅದು ಕೆಸರಿನ ಮೇಲೆ ಕುಪ್ಪಳಿಸುತ್ತಿತ್ತು, ಎದೆಯ ರೆಕ್ಕೆಗಳನ್ನೇ ಊರಿಕೊಂಡು ಬೇರು ಹತ್ತುತ್ತಿತ್ತು. ಒದ್ದೆ ಚರ್ಮದಿಂದ, ಬಾಯಿಯ ಒಳಪದರದಿಂದ ಗಾಳಿಯ ಆಮ್ಲಜನಕ ಹೀರಿಕೊಳ್ಳುತ್ತದೆ. "ಇದು ಯಾವ ಸಾಲು?" ಅಂತ ಹುಡುಗಿ ಕೇಳಿದಳು. ಈಜುತ್ತದೆ, ಬಿಲ ತೋಡುತ್ತದೆ, ನೀರಿನಿಂದ ಹೊರಗೂ ಇರುತ್ತದೆ.

ಗೆಳತಿ ಹೇಳಿದ ಮಾತು ನನಗೆ ಹಿಡಿಸಿತು. ಈ ಗುಂಪುಗಳು ಕುಲ ಹೇಳುವುದಿಲ್ಲ. ಯಾರು ಯಾರ ಸಂಬಂಧಿ ಅಂತ ತಿಳಿಯುವುದು ಬೇರೆ ವಿದ್ಯೆ. ಇಲ್ಲಿ ಕೇಳುವುದು ಒಂದೇ: ಈ ಹೊತ್ತಿನಲ್ಲಿ ಈ ಜೀವಿಗೂ ನೀರಿಗೂ ಏನು ವ್ಯವಹಾರ? ಬ್ಯಾಕ್ಟೀರಿಯಾ, ಏಡಿಮರಿ, ಲೋಳೆಮೀನು ಮೂರಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಆದರೂ ಮೂರೂ ಪ್ಲಾಂಕ್ಟನ್ ಆಗಬಹುದು. ಮಡ್‌ಸ್ಕಿಪ್ಪರನ್ನು ಬಹುಪಾಲು ತಳದ ಮೀನು ಅಂತಲೇ ಎಣಿಸುತ್ತಾರೆ ಅಂದಳು. ಹುಡುಗಿ ಬೆಂಥಾಸ್ ಸಾಲಿನಲ್ಲಿ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಇಟ್ಟಳು.

ಶನಿವಾರ, ಬಳಚಿನ ಬಯಲು

ಅಮಾವಾಸ್ಯೆ ಕಳೆದು ಜಾಸ್ತಿ ದಿನ ಆಗಿರಲಿಲ್ಲ. ಈ ಸಮಯದಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಸೇರುವುದರಿಂದ ಭರತವೂ (ಉಬ್ಬರ) ದೊಡ್ಡದು, ಇಳಿತವೂ ದೊಡ್ಡದು. ನಸುಕಿನಲ್ಲೇ ನದಿ ಸಮುದ್ರ ಸೇರುವ ಅಳಿವೆಗೆ ಬಂದೆವು. ನಾವು ಬರುವ ಮೊದಲೇ ಅಲ್ಲಿ ಜನ ಇದ್ದರು. ಪಾತಿ ದೋಣಿಗಳನ್ನು ನಿಲ್ಲಿಸಿ ಗಂಡಸರು, ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ಬಳಚು, ಅಂದರೆ ಎರಡು ಚಿಪ್ಪಿನ ಮೃದ್ವಂಗಿ, ತೆಗೆಯುತ್ತಿದ್ದರು. ಕೆಲವರು ಕಾಲಿನಿಂದಲೇ ಮರಳನ್ನು ತಡವಿ, ಸಿಕ್ಕಿತು ಅನ್ನಿಸಿದ ಕೂಡಲೇ ಮುಳುಗಿ ಎತ್ತುತ್ತಿದ್ದರು. ನೋಡಿದರೆ ಬರೀ ಮರಳು. ಅವರ ಪಾದಕ್ಕೆ ಮಾತ್ರ ಅದರೊಳಗಿನ ಸಾಲು ಗೊತ್ತು.

ಬೆಂಥಾಸ್‌ನಲ್ಲಿ ಇದು ಇನ್ನೊಂದು ಬಗೆ. ಏಡಿ, ನಕ್ಷತ್ರಮೀನು ತಳದ ಮೇಲೆ ಓಡಾಡುತ್ತವೆ. ಬಳಚು ತಳದ ಒಳಗೆ ಹೂತುಕೊಂಡು ಕೂರುತ್ತದೆ. ಒಂದು ಕೊಳವೆಯಿಂದ ನೀರು ಎಳೆದು, ಕಿವಿರಿನಲ್ಲಿ ಸೋಸಿ, ಇನ್ನೊಂದರಿಂದ ಹೊರಗೆ ಬಿಡುತ್ತದೆ. ಸೋಸಿ ತಿನ್ನುವುದು ಏನನ್ನು? ಪ್ಲಾಂಕ್ಟನ್ ಅನ್ನು. ಅದು ಊಟ ಹುಡುಕಿ ಹೋಗುವುದಿಲ್ಲ. ಭರತ ಬಂದಾಗ ಊಟವೇ ಅದರ ತಲೆಯ ಮೇಲೆ ಹಾದುಹೋಗುತ್ತದೆ.

ನನಗೆ ಇಡೀ ಪ್ರವಾಸದಲ್ಲಿ ತುಂಬ ಹೊತ್ತು ತಲೆಯಲ್ಲಿ ಉಳಿದದ್ದು ಮುಂದಿನ ವಿಷಯ. ಹೀಗೆ ಅಲುಗಾಡದೆ ಕೂತ ಬಳಚು ಹುಟ್ಟುವಾಗ ತೇಲುಜೀವಿ. ಗಂಡು ಹೆಣ್ಣು ಬಳಚುಗಳು ವೀರ್ಯ, ಮೊಟ್ಟೆ ಎರಡನ್ನೂ ನೀರಿಗೇ ಬಿಡುತ್ತವೆ. ಅಲ್ಲಿಂದ ಹೊರಟ ಮರಿ ಕಣ್ಣಿಗೆ ಕಾಣದಷ್ಟು ಚಿಕ್ಕದು. ಸಣ್ಣ ರೋಮಗಳ ಅಂಚು ಬಡಿಯುತ್ತ, ಸುಮಾರು ಎರಡು ವಾರ ನೀರಿನ ಜೊತೆ ಹೋಗುತ್ತದೆ, ಬರುತ್ತದೆ. ಆಮೇಲೆ ಸರಿಯಾದ ಮರಳು ಸಿಕ್ಕರೆ ಇಳಿದು, ಕಾಲು ಊರಿ, ಹೂತುಕೊಳ್ಳುತ್ತದೆ. ಸಿಗದಿದ್ದರೆ ಅಲ್ಲಿಗೇ ಮುಗಿಯಿತು. ಅಂದರೆ ಒಂದು ಬಳಚಿನ ಬಯಲು ಉಳಿಯಬೇಕಾದರೆ ಆ ಮರಳನ್ನಷ್ಟೇ ಕಾಪಾಡಿದರೆ ಸಾಲದು. ಮರಿಗಳನ್ನು ಒಯ್ಯುವ, ಮತ್ತೆ ತಂದುಕೊಡುವ ನೀರು ಬೇಕು. ಮಳೆಗಾಲದಲ್ಲಿ ಘಟ್ಟದಿಂದ ಬರುವ ಸಿಹಿನೀರು, ಬೇಸಿಗೆಯಲ್ಲಿ ಒಳಗೆ ಏರುವ ಉಪ್ಪುನೀರು, ಎರಡರ ಹದ ಬೇಕು. ನಿನ್ನೆ ಮೊನ್ನೆ ಶಿರಸಿಯ ಕಾಡಿನಲ್ಲಿ ನೋಡಿದ ನೀರಿಗೂ ಈ ಬುಟ್ಟಿಯ ಬಳಚಿಗೂ ಇರುವ ನಂಟು ಇದೇ.

ಸಿಗಡಿಯ ದಾರಿ ಇನ್ನೂ ಉದ್ದ. ಮೊಟ್ಟೆ ಇಡುವುದು ಸಮುದ್ರದಲ್ಲಿ. ಮರಿ ಹಲವು ಸಲ ಪೊರೆ ಬಿಟ್ಟು ರೂಪ ಬದಲಿಸುತ್ತ, ತೇಲುತ್ತ ಅಳಿವೆಯ ಕಡೆ ಬರುತ್ತದೆ. ಇಲ್ಲಿ ತಳಕ್ಕೆ ಇಳಿದು, ಕಾಂಡ್ಲಾ ಬೇರಿನ ನಡುವೆ, ಉಪ್ಪುನೀರು ಬರುವ ಗಜನಿ ಗದ್ದೆಗಳಲ್ಲಿ ಬೆಳೆಯುತ್ತದೆ. ದೊಡ್ಡದಾದ ಮೇಲೆ ಮತ್ತೆ ಸಮುದ್ರಕ್ಕೆ. ಗಜನಿಯಲ್ಲಿ ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟು ಸಿಗಡಿ, ಮೀನು ಹಿಡಿಯುವ ಪದ್ಧತಿ ಈ ಭಾಗದ ರೈತರದ್ದು. ಜೀವಿಯ ಯಾವ ವಯಸ್ಸು ಯಾವ ನೀರಿನಲ್ಲಿ ಇರುತ್ತದೆ ಅಂತ ಚೆನ್ನಾಗಿ ಗೊತ್ತಿದ್ದವರು ಮಾತ್ರ ಹೀಗೆ ವ್ಯವಸಾಯ ಮಾಡಬಲ್ಲರು.

2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಸಂತೋಷದ ವಿಷಯವೇ. ಆದರೆ ಹಿಂದೆ ಇದೇ ಅಳಿವೆಯ ದಡದ ತದಡಿಯಲ್ಲಿ 4000 ಮೆಗಾವ್ಯಾಟ್ ವಿದ್ಯುತ್ ಸ್ಥಾವರದ ಪ್ರಸ್ತಾವ ಇತ್ತು. ಈಗ ಮೇಲಿನ ನೀರನ್ನು ಒಳನಾಡಿನ ವೇದಾವತಿ ನದಿಯ ಕಡೆ ತಿರುಗಿಸುವ ಯೋಜನೆಯ ಮಾತು ನಡೆಯುತ್ತಿದೆ. ಸಮುದ್ರಕ್ಕೆ ಹೋಗಿ 'ವ್ಯರ್ಥವಾಗುವ' ನೀರು ಅಂತ ಯಾರಾದರೂ ಹೇಳಿದರೆ ನನಗೆ ನಿಜವಾಗಿ ನೋವಾಗುತ್ತದೆ. ಆ ನೀರು ವ್ಯರ್ಥವಾಗಿದ್ದರೆ ಇಷ್ಟೊಂದು ಜನ ನಸುಕಿನಲ್ಲಿ ಇಲ್ಲಿ ಯಾಕೆ ನಿಂತಿರುತ್ತಿದ್ದರು?

ಅದೇ ರಾತ್ರಿ, ಬಲೆ ಮತ್ತು ಬೆಳಕು

ಕತ್ತಲಾದ ಮೇಲೆ ಭರತ ಏರುತ್ತಿತ್ತು. ಗೆಳತಿಯ ಹತ್ತಿರ ಸಣ್ಣ ಕಣ್ಣಿನ ಬಟ್ಟೆಯ ಬಲೆ ಇತ್ತು. ಬಾಯಿ ಅಗಲ, ಬಾಲ ಸಪೂರ, ತುದಿಯಲ್ಲಿ ಒಂದು ಬಾಟಲಿ. ದೋಣಿಯ ಹಿಂದೆ ನಿಧಾನವಾಗಿ ಎಳೆದೆವು. ಚಾರ್ಲ್ಸ್ ಡಾರ್ವಿನ್ 1832ರಲ್ಲಿ ಬೀಗಲ್ ಹಡಗಿನ ಹಿಂದೆ ಎಳೆದದ್ದೂ ಇಂಥದ್ದೇ ಬಲೆ. ಇಷ್ಟೊಂದು ಚೆಲುವು ಇಷ್ಟು ಸಣ್ಣ ಉದ್ದೇಶಕ್ಕೆ ಸೃಷ್ಟಿಯಾದ ಹಾಗಿದೆಯಲ್ಲ ಅಂತ ಆತ ಅಚ್ಚರಿಪಟ್ಟಿದ್ದ.

ಬಾಟಲಿಯನ್ನು ಟಾರ್ಚಿಗೆ ಹಿಡಿದರೆ ಒಳಗೆಲ್ಲ ಚುಕ್ಕೆಗಳು ಎಗರುತ್ತಿದ್ದವು. ಒಂದು ಹನಿ ತೆಗೆದು ಫೋಲ್ಡ್‌ಸ್ಕೋಪಿನಲ್ಲಿ ಇಟ್ಟೆವು. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ತಂಡ ಮಾಡಿದ ಕಾಗದದ ಸೂಕ್ಷ್ಮದರ್ಶಕ ಇದು. 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಜೇಬಿನಲ್ಲಿ ಹಿಡಿಸುತ್ತದೆ. ಮೊದಲು ಕಂಡದ್ದು ಡಯಾಟಮ್‌ಗಳು. ಗಾಜಿನ ಗೋಡೆಯ ದುಂಡು ಪೆಟ್ಟಿಗೆಗಳು, ಮುಳ್ಳು ಚಾಚಿದ ಸರಪಳಿಗಳು. ಭೂಮಿಯ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಇಂಥ ತೇಲುವ ಸಸ್ಯಜೀವಿಗಳದ್ದು. ಆ ಮುಳ್ಳುಗಳೂ ಬೇಗ ಮುಳುಗದ ಹಾಗೆ ತಡೆಯುತ್ತವೆ. ಬೆಳಕಿರುವ ಮೇಲಿನ ನೀರಿನಲ್ಲಿ ಉಳಿಯುವುದೇ ಅವುಗಳ ದೊಡ್ಡ ಚಿಂತೆ.

ಆಮೇಲೆ ಕೋಪೆಪಾಡ್. ಒಂದು ಮಿಲಿಮೀಟರಿನ ಸಿಗಡಿಯ ದೂರದ ನೆಂಟ. ಎರಡು ಉದ್ದ ಮೀಸೆ ಬಿಚ್ಚಿ ನಿಂತಿರುತ್ತದೆ, ಒಮ್ಮೆಲೇ ಜಿಗಿಯುತ್ತದೆ. "ಇದು ಈಜುತ್ತದಲ್ಲ, ಮತ್ತೆ ಪ್ಲಾಂಕ್ಟನ್ ಯಾಕೆ?" ಅಂದಳು ಹುಡುಗಿ. ಒಳ್ಳೆಯ ಪ್ರಶ್ನೆ. ಅಷ್ಟು ಚಿಕ್ಕ ಮೈಗೆ ನೀರು ನಮಗಿದ್ದ ಹಾಗೆ ತೆಳು ಅಲ್ಲ. ಶಿರಸಿಯ ಜೋನಿ ಬೆಲ್ಲದಲ್ಲಿ ನಾವು ಕೈಕಾಲು ಆಡಿಸಿದ ಹಾಗೆ ಇರುತ್ತದೆ. ಕಾಲು ನಿಲ್ಲಿಸಿದ ಕೂಡಲೇ ನಿಂತುಬಿಡುತ್ತದೆ. ಮೇಲೆ ಕೆಳಗೆ ಹೋಗಬಲ್ಲದು, ಹರಿವಿಗೆ ಎದುರಾಗಿ ಊರು ಬದಲಿಸಲಾರದು. ಆದರೆ ಆ ಮೇಲೆ ಕೆಳಗಿನ ಓಡಾಟ ಸಣ್ಣದಲ್ಲ. ಹಗಲು ಕಂಡರೆ ತಿನ್ನುವವರು ಇರುವುದರಿಂದ ಎಷ್ಟೋ ಪ್ರಾಣಿ ಪ್ಲಾಂಕ್ಟನ್‌ಗಳು ಹಗಲಲ್ಲಿ ಆಳಕ್ಕೆ ಇಳಿದು ರಾತ್ರಿ ಮೇಲೆ ಬರುತ್ತವೆ. ತೆರೆದ ಸಮುದ್ರದಲ್ಲಿ ಇದು ನೂರಾರು ಮೀಟರ್. ಪ್ರತಿದಿನ ನಡೆಯುವ ವಲಸೆಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಅದೇ ಹನಿಯಲ್ಲಿ ತಲೆಯ ಮೇಲೆ ಉದ್ದ ಮುಳ್ಳಿದ್ದ ಒಂದು ಮರಿ ಇತ್ತು. ಏಡಿಯ ಮರಿ. ಕೋಪೆಪಾಡ್ ಬದುಕಿಡೀ ತೇಲುವುದು, ಏಡಿಮರಿ ಕೆಲವು ವಾರ ಮಾತ್ರ. ಹುಡುಗಿ ಪ್ಲಾಂಕ್ಟನ್ ಸಾಲನ್ನು ಎರಡು ಮಾಡಿದಳು: ಕಾಯಂ, ತಾತ್ಕಾಲಿಕ.

ಈ ಹೆಸರುಗಳ ಹಿಂದೆ ಒಂದು ಜಗಳವೂ ಇದೆ. ಪ್ಲಾಂಕ್ಟನ್ ಅನ್ನುವ ಹೆಸರು ಕೊಟ್ಟವನು ಜರ್ಮನಿಯ ವಿಕ್ಟರ್ ಹೆನ್ಸನ್, 1887ರಲ್ಲಿ. ಸಮುದ್ರದಲ್ಲಿ ಎಷ್ಟು ಪ್ಲಾಂಕ್ಟನ್ ಇದೆ ಅಂತ ಎಣಿಸಲು 1889ರಲ್ಲಿ ಕೀಲ್ ಬಂದರಿನಿಂದ ಹಡಗು ಕಟ್ಟಿಕೊಂಡು ಹೊರಟ. ಅವನ ಎಣಿಕೆಯ ರೀತಿಯನ್ನು ಎರ್ನ್ಸ್ಟ್ ಹೆಕೆಲ್ ಕಟುವಾಗಿ ಟೀಕಿಸಿದ. ಆ ಟೀಕೆಯ ಬರಹದಲ್ಲೇ, 1890ರಲ್ಲಿ, ಹೆಕೆಲ್ ನೆಕ್ಟನ್, ಬೆಂಥಾಸ್ ಅಂತ ಉಳಿದೆರಡನ್ನೂ ಹೆಸರಿಸಿದ. ನನಗೆ ಹೆನ್ಸನ್‌ನ ಮೇಲೆ ಪ್ರೀತಿ ಜಾಸ್ತಿ. ಸಮುದ್ರವನ್ನು ಹನಿ ಹನಿಯಾಗಿ ಎಣಿಸಲು ಹೊರಡುವುದಕ್ಕೆ ದೊಡ್ಡ ಮನಸ್ಸು ಬೇಕು.

ದಡಕ್ಕೆ ಬಂದು ಬಲೆ ತೊಳೆಯುವಾಗ ನೀರು ಕಲಕಿದಲ್ಲೆಲ್ಲ ನೀಲಿ ಬೆಳಕು ಮಿಣುಕಿತು. ನಾಕ್ಟಿಲೂಕ. ಗುಂಡುಪಿನ್ನಿನ ತಲೆಯಷ್ಟಿರುವ ಒಂದೇ ಕೋಶದ ಜೀವಿ. ಮೈ ಅಲುಗಿದರೆ ಬೆಳಗುತ್ತದೆ. ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಕೆಲವು ರಾತ್ರಿ ಇದನ್ನು ನೋಡಲು ಜನ ಸೇರುತ್ತಾರೆ. ಹುಡುಗಿ ಎಷ್ಟು ಕರೆದರೂ ನೀರಿನಿಂದ ಮೇಲೆ ಬರಲಿಲ್ಲ. ನಾವೂ ಇಳಿದೆವು.

ಭಾನುವಾರ, ತದಡಿ

ಈಜುಗಾರರನ್ನು ನೋಡಲು ಮೀನುಗಾರಿಕಾ ಬಂದರೇ ಸುಲಭದ ಜಾಗ. ಬೆಳಿಗ್ಗೆ ಬುಟ್ಟಿ ಬುಟ್ಟಿ ಬಂಗುಡೆ ಇಳಿಯುತ್ತಿತ್ತು. ಎರಡೂ ತುದಿ ಚೂಪಾದ ಮೈ, ಕವಲು ಬಾಲ, ಬೆನ್ನು ಕಡುನೀಲಿ, ಹೊಟ್ಟೆ ಬೆಳ್ಳಿ. ಮೇಲಿಂದ ನೋಡಿದರೆ ನೀರಿನ ಬಣ್ಣ, ಕೆಳಗಿನಿಂದ ನೋಡಿದರೆ ಬೆಳಕಿನ ಬಣ್ಣ. ನೆಕ್ಟನ್ ಅಂದರೆ ಏನು ಅಂತ ಮೈಯಲ್ಲೇ ಬರೆದುಕೊಂಡ ಮೀನು. ಆದರೂ ತಿನ್ನುವುದು ಬಹುಪಾಲು ಪ್ಲಾಂಕ್ಟನ್. ತಾರ್ಲಿ ಮೀನೂ ಅಷ್ಟೇ, ಡಯಾಟಮ್‌ಗಳನ್ನು ಕಿವಿರಿನ ಬಾಚಣಿಗೆಯಲ್ಲಿ ಸೋಸುತ್ತದೆ. ಬೊಂಡಾಸ್ (ಸ್ಕ್ವಿಡ್) ಮೀನಲ್ಲ, ಬಳಚಿನ ಬಳಗದ ಮೃದ್ವಂಗಿ. ಆದರೆ ನೀರು ಚಿಮ್ಮಿಸಿ ಜೋರಾಗಿ ಈಜುವುದರಿಂದ ಅದೂ ನೆಕ್ಟನ್.

ಮೀನುಗಾರರಿಗೆ ಈ ವಿಂಗಡಣೆ ಹೊಸದಲ್ಲ. ಮೇಲ್ನೀರಿನಲ್ಲಿ ಹಿಂಡುಕಟ್ಟುವ ಬಂಗುಡೆ, ತಾರ್ಲಿಗೆ ಸುತ್ತುವರಿಯುವ ಬಲೆ. ಹಿಂದೆ ದಡದಿಂದ ಎಳೆಯುವ ರಂಪಣಿ, ಈಗ ಹೆಚ್ಚಾಗಿ ಪರ್ಸೀನ್. ತಳದ ಸಿಗಡಿ, ನಂಗು, ತೊರಕೆಗೆ ಟ್ರಾಲ್ ಬಲೆ. ಟ್ರಾಲ್ ತಳವನ್ನು ಉಜ್ಜಿಕೊಂಡೇ ಹೋಗುವುದರಿಂದ ಬೇಡದ ಬೆಂಥಾಸ್ ಎಲ್ಲ ಅದರೊಳಗೆ ಬರುತ್ತದೆ. ಬಂದರಿನ ಮೂಲೆಯಲ್ಲಿ ರಾಶಿ ಬಿದ್ದಿದ್ದ ಸಣ್ಣ ಏಡಿ, ನಕ್ಷತ್ರಮೀನು, ಶಂಖಗಳನ್ನು ನೋಡಿ ನಮಗೆ ಬೇಸರವಾಯಿತು.

ನಂಗು ಮೀನನ್ನು ಗೆಳತಿ ಬೇಕಂತಲೇ ಹುಡುಕಿ ತೋರಿಸಿದಳು. ಎರಡೂ ಕಣ್ಣು ಒಂದೇ ಪಕ್ಕದಲ್ಲಿ. ಮೊಟ್ಟೆಯಿಂದ ಬಂದಾಗ ಇದು ಎಲ್ಲ ಮೀನಿನ ಹಾಗೆ ನೆಟ್ಟಗೆ ಇರುತ್ತದೆ, ಕಣ್ಣು ಎರಡೂ ಕಡೆ. ಆಗ ಅದು ತೇಲುಜೀವಿ. ಬೆಳೆಯುತ್ತ ಒಂದು ಕಣ್ಣು ತಲೆ ದಾಟಿ ಆಚೆ ಪಕ್ಕಕ್ಕೆ ಸರಿಯುತ್ತದೆ, ಮೀನು ಒಂದು ಮಗ್ಗುಲಿಗೆ ಮಲಗಿ ತಳ ಸೇರುತ್ತದೆ. ಗುಂಪು ಬದಲಿಸುವಾಗ ಮುಖವೇ ಬದಲಾಗುವ ಜೀವಿ.

ಸೋಮವಾರ, ನೇತ್ರಾಣಿ

ಮುರ್ಡೇಶ್ವರದಿಂದ ಸಮುದ್ರದಲ್ಲಿ ಸುಮಾರು 19 ಕಿಲೋಮೀಟರ್ ದೂರ ಈ ದ್ವೀಪ. ದೋಣಿ ಕುಲುಕಾಟಕ್ಕೆ ನನಗೆ ವಾಂತಿ ಬಂದಂತಾಯಿತು, ನೀರಿಗೆ ಇಳಿದ ಮೇಲೆ ಸರಿಹೋಯಿತು. ಇಷ್ಟು ದೂರ ಬಂದರೂ ಇದು ಇನ್ನೂ ಖಂಡದ ಅಂಚಿನ ಆಳವಿಲ್ಲದ ಸಮುದ್ರವೇ. 200 ಮೀಟರ್ ಆಳ ದಾಟಿದ ಮೇಲೆ ಮಾತ್ರ ನಿಜವಾದ ಮಹಾಸಾಗರ ಶುರು. ಅಲ್ಲಿಯ ಜೀವಿಗಳ ಲೆಕ್ಕವೇ ಬೇರೆ.

ಸ್ನಾರ್ಕೆಲ್ ಹಾಕಿ ಮುಖ ಮುಳುಗಿಸಿದರೆ ಬಂಡೆಗಳ ಮೇಲೆ ಹವಳ, ಕಡಲ ಮುಳ್ಳುಚೆಂಡು, ಸುತ್ತ ಚಿಟ್ಟೆಮೀನು, ಗಿಳಿಮೀನು. ಗಿಳಿಮೀನು ಈಜುಗಾರ, ಆದರೆ ಮೇಯುವುದು ತಳದ ಮೇಲಿನ ಪಾಚಿ. ಹವಳ ತಳಕ್ಕೆ ಅಂಟಿದ ಪ್ರಾಣಿ. ಅದರ ಮರಿಯೂ ಕೆಲವು ದಿನ ತೇಲಿ ಬಂದೇ ಇಲ್ಲಿ ಕೂತದ್ದು. ನೇತ್ರಾಣಿಯಂಥ ಒಂಟಿ ದ್ವೀಪಕ್ಕೆ ಹವಳ ಬರಬೇಕಾದರೆ ಬೇರೆ ದಾರಿಯೇ ಇಲ್ಲ. ಈ ಸುತ್ತಿನಲ್ಲಿ ಕೆಲವೊಮ್ಮೆ ತಿಮಿಂಗಿಲ ಶಾರ್ಕ್ ಕೂಡ ಕಾಣಿಸಿಕೊಂಡಿದೆ. ಜಗತ್ತಿನ ಅತಿ ದೊಡ್ಡ ಮೀನು, ಬದುಕುವುದು ಪ್ಲಾಂಕ್ಟನ್ ಸೋಸಿ. ನಮಗೆ ಅದು ಸಿಗಲಿಲ್ಲ. ಒಂದು ದೊಡ್ಡ ಲೋಳೆಮೀನು ಸಿಕ್ಕಿತು. ಛತ್ರಿ ಮಿಡಿಯುತ್ತಿತ್ತು, ಆದರೂ ಹರಿವು ಒಯ್ದ ಕಡೆಗೇ ಹೋಗುತ್ತಿತ್ತು. ಕೈ ಅಗಲಕ್ಕಿಂತ ದೊಡ್ಡದಿದ್ದರೂ ಅದು ಪ್ಲಾಂಕ್ಟನ್ನೇ. ಅದೇ ಲೋಳೆಮೀನಿನ ಬಾಲ್ಯದ ಒಂದು ಹಂತ ಬಂಡೆಗೆ ಅಂಟಿ ಕಳೆಯುತ್ತದೆ. ಬಳಚಿನ ದಾರಿಗೆ ಪೂರ್ತಿ ಉಲ್ಟಾ.

ಹೊರಡುವ ಮೊದಲು ಒಂದು ಕಡಲಾಮೆ ಉಸಿರಿಗೆ ಮೇಲೆ ಬಂತು. ಚಿಪ್ಪಿನ ಮೇಲೆ ಬಾರ್ನಕಲ್‌ಗಳು. ತಳಕ್ಕೆ ಅಂಟುವವು ಈಜುವವರ ಬೆನ್ನಿಗೆ ಅಂಟಿ ಊರೂರು ಸುತ್ತುತ್ತಿವೆ. ಹುಡುಗಿ ಇದನ್ನು ಎಲ್ಲಿ ಬರೆಯುವುದು ಅಂತ ಕೇಳಲಿಲ್ಲ. ಎರಡು ಸಾಲಿನ ನಡುವಿನ ಗೆರೆಯ ಮೇಲೇ ಬರೆದಳು.

ಹೋಗುವವರಿಗೆ ಒಂದೆರಡು ಮಾತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಸಮಯ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಬಂದರು ಖಾಲಿ. ಅಳಿವೆಗೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನಲ್ಲಿ, ಇಳಿತದ ಸಮಯ ವಿಚಾರಿಸಿಕೊಂಡೇ ಹೋಗಿ. ಬಳಚು ತೆಗೆಯುವವರ ಜಾಗದಲ್ಲಿ ಅವರನ್ನು ಕೇಳಿ ಇಳಿಯಿರಿ. ಹವಳದ ಮೇಲೆ ಕಾಲಿಡಬೇಡಿ, ತೊರೆಯಲ್ಲಿ ಎತ್ತಿದ ಕಲ್ಲನ್ನು ಅದೇ ಮಗ್ಗುಲಿಗೆ ಇಡಿ. ಭೂತಗನ್ನಡಿ ಒಂದಿದ್ದರೆ ಸಾಕು, ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ.